ಮನೆಯ ಕೆಳಗಿನ ಪಾರ್ಕಿಂಗಿನಲ್ಲಿ ಇ.ವಿ. ಚಾರ್ಜ್: ಮೊದಲು ಪ್ಲಗ್ ಪಾಯಿಂಟ್ ನೋಡಿ

ಚಿಕ್ಕಮಗಳೂರಿನಲ್ಲಿ ಈಚೆಗೆ ಕಟ್ಟಿದ ಎಷ್ಟೋ ಮನೆಗಳಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಸಂಸಾರ. ಅಲ್ಲೇ ಕಾರು, ಅಲ್ಲೇ ಸ್ಕೂಟರ್, ಪಕ್ಕದಲ್ಲೇ ಮೆಟ್ಟಿಲು. ಇ.ವಿ. (ಎಲೆಕ್ಟ್ರಿಕ್ ಗಾಡಿ) ಅಂದ ಕೂಡಲೇ ಎಲ್ಲರಿಗೂ ಬ್ಯಾಟರಿಯದೇ ಭಯ. ಆದರೆ ಬ್ಯಾಟರಿ ತಾನಾಗಿ ಹೊತ್ತಿಕೊಳ್ಳುವುದು ಅಪರೂಪ. ನಿಮ್ಮ ಕೈಯಲ್ಲೇ ತಡೆಯಬಹುದಾದ ಅಪಾಯ ಗೋಡೆಯ ಮೇಲಿದೆ: ಪ್ಲಗ್ ಪಾಯಿಂಟ್.

ಲೆಕ್ಕ ಸರಳ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ಸ್ ಎಳೆದು, ನೀರು ಕಾದ ಮೇಲೆ ತಾನೇ ನಿಲ್ಲುತ್ತದೆ. ಕಾರಿನ ಜೊತೆ ಬರುವ 3.3 ಕಿಲೋವ್ಯಾಟ್ ಚಾರ್ಜರ್ 14-15 ಆಂಪ್ಸ್ ಎಳೆಯುತ್ತದೆ, ಅದೂ ಬಿಡುವಿಲ್ಲದೆ. 30 ಕಿಲೋವ್ಯಾಟ್ ಅವರ್ ಬ್ಯಾಟರಿ ಪೂರ್ತಿ ತುಂಬಲು 9-10 ಗಂಟೆ ಬೇಕು. ಗೀಸರಿಗೆ ಹತ್ತು ವರ್ಷ ಬಾಳಿದ ಪಾಯಿಂಟು ಕಾರಿಗೆ ಒಂದು ಮಳೆಗಾಲವೂ ಬಾಳದೆ ಕರಗುವುದು ಇದರಿಂದಲೇ. ಮಲೆನಾಡಿನ ಥಂಡಿಗೆ ಸಾಕೆಟ್ಟಿನೊಳಗಿನ ಹಿತ್ತಾಳೆ ಕ್ಲಿಪ್ಪಿಗೆ ಹಸಿರು ಕಿಲುಬು ಕಟ್ಟುತ್ತದೆ. ಕಿಲುಬಿದ್ದಲ್ಲಿ ಕರೆಂಟಿಗೆ ತಡೆ, ತಡೆಯಿದ್ದಲ್ಲಿ ಬಿಸಿ.

ಪರೀಕ್ಷೆ ಹೀಗೆ ಮಾಡಿ. ಒಂದು ಗಂಟೆ ಚಾರ್ಜ್ ಆಗಲಿ. ಮೊದಲು ಕಾರಿನಲ್ಲಿ ಚಾರ್ಜಿಂಗ್ ನಿಲ್ಲಿಸಿ, ಆಮೇಲೆ ಸ್ವಿಚ್ ಆಫ್ ಮಾಡಿ, ನಂತರ ಪ್ಲಗ್ ಕಿತ್ತು ಪಿನ್ನುಗಳನ್ನು ಬೆರಳ ಹಿಂಬದಿಯಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ. ಬೆರಳಿಟ್ಟುಕೊಳ್ಳಲು ಆಗದಷ್ಟು ಸುಡುತ್ತಿದ್ದರೆ ಆ ಪಾಯಿಂಟನ್ನು ಅವತ್ತೇ ಬಿಡಿ. ಟಾರ್ಚ್ ಹಾಕಿ ಸಾಕೆಟ್ಟಿನ ತೂತುಗಳನ್ನೂ ನೋಡಿ. ಮೂರರಲ್ಲಿ ಒಂದರ ಅಂಚು ಮಾತ್ರ ಕಂದಿದ್ದರೆ ಅಲ್ಲಿನ ಸ್ಕ್ರೂ ಸಡಿಲ, ಇಲ್ಲವೇ ಕ್ಲಿಪ್ ಬಿಗಿ ಕಳೆದುಕೊಂಡಿದೆ. ಪಾರ್ಕಿಂಗಿನಲ್ಲಿ ಮೀನು ಸುಟ್ಟಂಥ ವಾಸನೆ ಬಂದರೆ ಅಡುಗೆಮನೆಯ ಕಡೆ ನೋಡಬೇಡಿ, ಕಾಯುತ್ತಿರುವ ಪ್ಲಾಸ್ಟಿಕ್ಕಿನ ವಾಸನೆ ಹಾಗೇ ಇರುತ್ತದೆ. ಹೊಸ ಲೈನ್ ಎಳೆಸುವವರೆಗೆ ಕಾರಿನಲ್ಲೋ ಚಾರ್ಜರಿನಲ್ಲೋ ಕರೆಂಟ್ ಇಳಿಸುವ ಸೌಲಭ್ಯವಿದ್ದರೆ 10 ಆಂಪ್ಸಿಗೆ ಇಳಿಸಿ. ಬಿಸಿ ಕರೆಂಟಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುವುದರಿಂದ, 15ರಿಂದ 10ಕ್ಕೆ ಇಳಿದರೆ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಹೊಸ ಲೈನಿಗೆ ಎಲೆಕ್ಟ್ರಿಷಿಯನ್ ಹತ್ತಿರ ಹೀಗೇ ಹೇಳಿ: ಮೇನ್ ಬೋರ್ಡಿನಿಂದ ನೇರವಾಗಿ, ನಡುವೆ ಜಾಯಿಂಟ್ ಇಲ್ಲದೆ 4 ಚದರ ಮಿಲಿಮೀಟರ್ ತಾಮ್ರದ ವೈರ್. ಕರೆಂಟ್ ಮಿತಿ ಮೀರಿದರೆ ಲೈನ್ ಕಡಿಯುವ 20 ಆಂಪ್ಸ್ ಎಂ.ಸಿ.ಬಿ. ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್ಸ್ ಆರ್.ಸಿ.ಸಿ.ಬಿ., ಅದೂ ‘ಎ’ ಟೈಪ್. ಅಂಗಡಿಯಲ್ಲಿ ಕೇಳದಿದ್ದರೆ ‘ಎಸಿ’ ಟೈಪ್ ಕೊಟ್ಟು ಕಳಿಸಬಹುದು. ಚಾರ್ಜರಿನಿಂದ ಡಿ.ಸಿ. ಅಂಶವಿರುವ ಕರೆಂಟ್ ಸೋರಿದರೆ ಈ ‘ಎಸಿ’ ಟೈಪ್ ಟ್ರಿಪ್ ಆಗದೇ ಇರಬಹುದು. ಈ ಲೈನಿಗೆ ಬೋರ್‌ವೆಲ್ ಪಂಪನ್ನಾಗಲಿ ವಾಷಿಂಗ್ ಮೆಷಿನ್ನನ್ನಾಗಲಿ ಸೇರಿಸಬೇಡಿ. 7.2 ಕಿಲೋವ್ಯಾಟ್ ಗೋಡೆ ಚಾರ್ಜರಾದರೆ 32 ಆಂಪ್ಸ್, ಕನಿಷ್ಠ 6 ಚದರ ಮಿಲಿಮೀಟರ್ ವೈರ್. ಮಂಜೂರಾದ ಲೋಡ್ ಸಾಲದಿದ್ದರೆ ಮೊದಲು ಮೆಸ್ಕಾಂನಲ್ಲಿ ಹೆಚ್ಚಿಸಿಕೊಳ್ಳಿ. ಹಾಸನದವರಿಗೆ ಅದು ಸೆಸ್ಕ್ ಕಚೇರಿ. ಗುಡುಗು-ಸಿಡಿಲಿನ ಊರು ನಮ್ಮದು, ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ) ಇರಲಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ.

ಒಂದು ಕೆಟ್ಟ ಉಪಾಯವಿದೆ. ಅರ್ತ್ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಆಗ ನ್ಯೂಟ್ರಲ್ ಮತ್ತು ಅರ್ತ್ ಪಿನ್ನುಗಳಿಗೆ ಒಂದು ತುಂಡು ವೈರ್ ಕೊಟ್ಟು ಅದನ್ನು ಏಮಾರಿಸುತ್ತಾರೆ. ಚಾರ್ಜೇನೋ ಆಗುತ್ತದೆ. ಗಾಳಿಮಳೆಗೆ ನ್ಯೂಟ್ರಲ್ ಕಡಿದ ದಿನ ಕಾರಿನ ಮೈಯೆಲ್ಲ 230 ವೋಲ್ಟ್. ದಯವಿಟ್ಟು ಯಾರಿಗೂ ಇದನ್ನು ಮಾಡಿಕೊಡಬೇಡಿ, ಮಾಡಿಸಿಕೊಳ್ಳಲೂಬೇಡಿ. ಹೊಸ ಅರ್ತ್ ಗುಂಡಿ ತೆಗೆಸಿ.

ಇನ್ನು ಜಾಗ. ಲಾಡ್ಜ್, ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಚಾರ್ಜಿಂಗ್ ಪಾಯಿಂಟ್ ಇಳಿಜಾರಿನ ಬಾಯಿಗೆ ಹತ್ತಿರವಿರಲಿ. ಮೆಟ್ಟಿಲು, ಲಿಫ್ಟ್, ಗ್ಯಾಸ್ ಸಿಲಿಂಡರ್, ಜನರೇಟರ್ ಪಕ್ಕ ಬೇಡ. ಹೊಗೆಗೆ ಮೆಟ್ಟಿಲೇ ಚಿಮಣಿ, ಮಲಗಿದವರಿಗೆ ಇಳಿಯಲು ಇರುವ ದಾರಿಯೂ ಅದೇ. ಆ ಲೈನನ್ನು ಹೊರಗಿನಿಂದಲೇ ಆಫ್ ಮಾಡುವ ಸ್ವಿಚ್ ವಾಚ್‌ಮನ್ ಕೋಣೆಯಲ್ಲಿರಬೇಕು. ಸ್ಕೂಟರ್ ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಚಾರ್ಜ್ ಮಾಡುವವರು ಬಾಗಿಲ ದಾರಿಯಲ್ಲಿ, ಮಲಗುವ ಕೋಣೆಯಲ್ಲಿ ಇಡಬೇಡಿ. ಘಾಟಿ ಹತ್ತಿ ಬಂದ ಬಿಸಿ ಬ್ಯಾಟರಿಗೆ ಅರ್ಧ ಗಂಟೆ ಬಿಡುವು ಕೊಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು.

ತೋಟದ ಮನೆಯ ಷೆಡ್ಡಿನಲ್ಲಿ ತೊಂದರೆ ಬೇರೆ. ಗೋಣಿಚೀಲದ ಅಟ್ಟಿ, ಕಳೆ ಹೊಡೆಯುವ ಮೆಷಿನ್ನು, ಅದರ ಪೆಟ್ರೋಲ್ ಕ್ಯಾನು, ನಡುವೆ ಕಾರು. ಪೆಟ್ರೋಲನ್ನೂ ಚೀಲಗಳನ್ನೂ ಬೇರೆ ಕಡೆಗೆ ಸಾಗಿಸಿ. ಇಲಿ ಕಡಿದ ಕೇಬಲ್ಲಿಗೆ ಟೇಪ್ ಸುತ್ತಿ ಬಳಸಬೇಡಿ. ತೋಟದ ದಾರಿಯ ಕಲ್ಲು ಕಾರಿನ ಹೊಟ್ಟೆಗೆ ಬಲವಾಗಿ ತಾಗಿದ್ದರೆ ಅವತ್ತು ಒಳಗೆ ನಿಲ್ಲಿಸಬೇಡಿ. ಪೆಟ್ಟು ತಿಂದ ಬ್ಯಾಟರಿಯೊಳಗಿನ ಸೆಲ್ ಆ ಕ್ಷಣಕ್ಕೆ ಏನೂ ಆಗದೆ, ಗಂಟೆಗಳೋ ದಿನಗಳೋ ಕಳೆದ ಮೇಲೆ ಒಳಗೊಳಗೇ ಶಾರ್ಟ್ ಆಗಬಹುದು. ಬಯಲಲ್ಲಿ ನಿಲ್ಲಿಸಿ, ಸರ್ವಿಸ್ ಸೆಂಟರಿನವರಿಂದ ಕೆಳಭಾಗ ನೋಡಿಸಿ. ಸೆಲ್ಲಾರಿಗೆ ನುಗ್ಗಿದ ನೀರಿನಲ್ಲಿ ನಿಂತ ಗಾಡಿಗೂ ಇದೇ ಮಾತು.

ಬ್ಯಾಟರಿಯೇ ಕೆಟ್ಟರೆ ಮೊದಲು ಪಟಪಟ ಸಿಡಿಯುವ ಸದ್ದು, ಬುಸ್ ಎನ್ನುವ ಸದ್ದು ಕೇಳಬಹುದು. ಜೊತೆಗೆ ಗಾಡಿಯ ಕೆಳಗಿನಿಂದ ಬೆಳ್ಳಗೆ ದಟ್ಟ ಹೊಗೆ. ಮಳೆಗಾಲದಲ್ಲಿ ಅದನ್ನು ಮಂಜು ಅಂತಲೋ ಹಬೆ ಅಂತಲೋ ತಿಳಿದು ಹತ್ತಿರ ಹೋಗುವುದೇ ಪ್ರಾಣಕ್ಕೆ ಕುತ್ತು. ಅದರಲ್ಲಿ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್ ಇರುತ್ತವೆ. ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ ಒಂದು ಕಿಡಿಗೆ ಸ್ಫೋಟಿಸಬಹುದು. ಲೈಟ್, ಫ್ಯಾನ್ ಸ್ವಿಚ್ ಮುಟ್ಟಬೇಡಿ. ಗಾಡಿ ಹೊರಗೆ ತೆಗೆಯುವ ಸಾಹಸ ಬೇಡ. ಕೂಗಿ ಎಲ್ಲರನ್ನೂ ಎಬ್ಬಿಸಿ, ಲಿಫ್ಟ್ ಬಿಟ್ಟು ಮೆಟ್ಟಿಲಿನಿಂದ ಹೊರಗೆ ಕಳಿಸಿ, ಬರುವಾಗ ಮೆಟ್ಟಿಲ ಬಾಗಿಲು ಮುಚ್ಚಿ. ಮೆಟ್ಟಿಲಲ್ಲೇ ಹೊಗೆ ತುಂಬಿದ್ದರೆ ಮೇಲಿನವರು ಇಳಿಯಬಾರದು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಬಾಲ್ಕನಿಗೆ ಬರಲಿ. ಹೊರಗಿನಿಂದ ಲೈನ್ ಆಫ್ ಮಾಡಿ, 112ಕ್ಕೋ 101ಕ್ಕೋ ಕರೆ ಮಾಡಿ ‘ಎಲೆಕ್ಟ್ರಿಕ್ ಗಾಡಿ, ಸೆಲ್ಲಾರ್, ಇಂಥ ಮೂಲೆ’ ಅಂತ ಸ್ಪಷ್ಟವಾಗಿ ಹೇಳಿ.

ಬೆಂಕಿ ಆರಿಸುವ 6 ಕೆ.ಜಿ. ಎ.ಬಿ.ಸಿ. ಪೌಡರ್ ಸಿಲಿಂಡರ್ ಇಳಿಜಾರಿನ ಬಳಿ ಇರಲಿ, ಆದರೆ ಅದು ಸಾಕೆಟ್, ವೈರ್, ಪಕ್ಕದ ಸಾಮಾನಿನ ಸಣ್ಣ ಬೆಂಕಿಗೆ ಮಾತ್ರ. ಬ್ಯಾಟರಿಯ ಬಿಸಿ ಸೆಲ್ಲಿನಿಂದ ಸೆಲ್ಲಿಗೆ ಹಬ್ಬುತ್ತದೆ, ಮೇಲಿನ ಜ್ವಾಲೆ ಆರಿದರೂ ಒಳಗೆ ತಣಿಯುವುದಿಲ್ಲ. ತಣಿಸುವುದು ನೀರೇ, ಅದೂ ಸಾವಿರಾರು ಲೀಟರ್. ಆ ಕೆಲಸ ಅಗ್ನಿಶಾಮಕ ದಳದವರದ್ದು. ನೀವು ಮಾಡಬೇಕಾದದ್ದು ಅವರ ಗಾಡಿ ಬರುವ ದಾರಿ ತೆರವು ಮಾಡಿ, ಸಂಪಿನ ಮುಚ್ಚಳ ಎಲ್ಲಿದೆ ಅಂತ ತೋರಿಸುವುದು.

ಹೊಗೆ ಕುಡಿದವರು ಚೆನ್ನಾಗಿದ್ದೇನೆ ಅಂದರೂ ಆಸ್ಪತ್ರೆಗೆ ಕರೆದೊಯ್ದು, ಬ್ಯಾಟರಿ ಹೊಗೆ ಅಂತ ವೈದ್ಯರಿಗೆ ತಿಳಿಸಿ. ಆರಿದ ಗಾಡಿ ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು. ಅದನ್ನು ಕಟ್ಟಡದಿಂದ, ಬೇರೆ ವಾಹನಗಳಿಂದ 15 ಮೀಟರ್ ದೂರ ಬಯಲಲ್ಲೇ ಇಡಿಸಿ. ಎಳೆದೊಯ್ಯಲು ಬರುವ ಟೋಯಿಂಗ್‌ನವರಿಗೂ ಇದನ್ನು ಹೇಳಿಯೇ ಕಳಿಸಿ.