ಎಲೆಕ್ಟ್ರಿಕ್ ಎಸ್‌ಯುವಿ ಬೆಲೆ ಇಳಿದಿದೆ; ಮುಂಗಡ ಕೊಡುವ ಮುನ್ನ ಇಷ್ಟು ನೋಡಿ

ಬೆಲೆ ಇಳಿಕೆಯ ಜಾಹೀರಾತು ಕಂಡ ದಿನವೇ ಶೋರೂಮಿಗೆ ಹೊರಡುವವರಿದ್ದಾರೆ. ಹೋಗಿ, ಗಾಡಿ ಓಡಿಸಿ ನೋಡಿ. ಮುಂಗಡ ಮಾತ್ರ ಒಂದು ವಾರ ತಡೆದು ಕೊಡಿ. ಪೆಟ್ರೋಲ್ ಗಾಡಿಯ ರಿಯಾಯಿತಿಯ ಹಾಗಲ್ಲ ಇದು. ಎಲೆಕ್ಟ್ರಿಕ್ ಗಾಡಿಗೆ ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಅದು ಯಾವ ಬಗೆಯದು, ಯಾವಾಗ ತಯಾರಾದದ್ದು, ಕೆಟ್ಟರೆ ಯಾರು ಹೊಣೆ, ರಾತ್ರಿ ಎಲ್ಲಿ ಚಾರ್ಜಿಗೆ ಹಾಕುತ್ತೀರಿ ಎಂಬುದು ತಿಳಿದ ಮೇಲಷ್ಟೇ ಇಳಿದ ಬೆಲೆ ನಿಮಗೆ ಲಾಭವೋ ಅಲ್ಲವೋ ಹೇಳಬಹುದು.

ಮೊದಲು: ಯಾಕೆ ಇಳಿಯಿತು?

ಒಳ್ಳೆಯ ಕಾರಣವೂ ಇರುತ್ತದೆ. ಇಂಧನ ಸಂಶೋಧನಾ ಸಂಸ್ಥೆ ಬ್ಲೂಮ್‌ಬರ್ಗ್ ಎನ್‌ಇಎಫ್‌ನ 2024ರ ಸಮೀಕ್ಷೆಯ ಪ್ರಕಾರ ಲಿಥಿಯಂ ಬ್ಯಾಟರಿ ಪ್ಯಾಕ್‌ನ ಜಾಗತಿಕ ಸರಾಸರಿ ಬೆಲೆ ಒಂದೇ ವರ್ಷದಲ್ಲಿ ಶೇ 20ರಷ್ಟು ಇಳಿದು, ಕಿಲೋವ್ಯಾಟ್ ಅವರ್‌ಗೆ (ಅಂದರೆ ಒಂದು ಯೂನಿಟ್ ಕರೆಂಟ್ ಹಿಡಿಯುವ ಸಾಮರ್ಥ್ಯಕ್ಕೆ) 115 ಡಾಲರ್‌ಗೆ ಬಂತು. ಇಂಥ ಇಳಿಕೆ ಗ್ರಾಹಕರಿಗೆ ದಾಟಿದರೆ ಸಂತೋಷವೇ. ಪೈಪೋಟಿಯೂ ಬೆಲೆ ಇಳಿಸುತ್ತದೆ. 2023ರ ಜನವರಿಯಲ್ಲಿ ಟೆಸ್ಲಾ ಕಂಪನಿ ಅಮೆರಿಕದಲ್ಲಿ ಮಾಡೆಲ್ ವೈ ಎಸ್‌ಯುವಿಯ ಬೆಲೆಯನ್ನು ಶೇ 20ರವರೆಗೆ ಕಡಿತ ಮಾಡಿತು. ಹೊಸದರ ಬೆಲೆ ಬಿದ್ದರೆ ಹಳೆಯದರ ಬೆಲೆಯೂ ಬೀಳುತ್ತದೆ. ಮರುವರ್ಷ ಜನವರಿಯಲ್ಲಿ ಬಾಡಿಗೆ ಕಾರು ಕಂಪನಿ ಹರ್ಟ್ಜ್ ಸುಮಾರು 20,000 ಎಲೆಕ್ಟ್ರಿಕ್ ಕಾರುಗಳನ್ನು ಮಾರಲು ಹೊರಟಾಗ ಮೌಲ್ಯ ಕುಸಿತ, ರಿಪೇರಿ ಖರ್ಚು ಎರಡೂ ಅದರ ಕಾರಣಗಳ ಪಟ್ಟಿಯಲ್ಲಿದ್ದವು.

ಎಚ್ಚರ ಬೇಕಿರುವುದು ಉಳಿದ ಕಾರಣಗಳ ಬಗ್ಗೆ. ಹೊಸ ಮಾದರಿ ಬರುವ ಮುನ್ನ ಹಳೆಯದನ್ನು ಖಾಲಿ ಮಾಡುತ್ತಿರಬಹುದು. ಅದೇ ಹೆಸರಿನಲ್ಲಿ ಚಿಕ್ಕ ಬ್ಯಾಟರಿ ಕೂರಿಸಿರಬಹುದು. ಬ್ಯಾಟರಿಯನ್ನು ಬೆಲೆಯಿಂದ ಹೊರಗಿಟ್ಟು ಬಾಡಿಗೆಗೆ ಕೊಡುತ್ತಿರಬಹುದು. ಬಾಡಿಗೆಯಾದರೆ ಗಾಡಿ ಇಟ್ಟುಕೊಳ್ಳುವಷ್ಟು ವರ್ಷಗಳ ಬಾಡಿಗೆಯನ್ನು ಕೂಡಿ, ಬೆಲೆಗೆ ಸೇರಿಸಿ ನೋಡಿ. ಹಳೆಯ ಮತ್ತು ಹೊಸ ಬ್ರೋಷರ್ ಎರಡನ್ನೂ ಪಕ್ಕಪಕ್ಕ ಇಟ್ಟು, ಬ್ಯಾಟರಿ ಗಾತ್ರ, ಏರ್‌ಬ್ಯಾಗ್, ಗಾಡಿಯೊಳಗಿನ ಚಾರ್ಜರ್‌ನ ಕಿಲೋವ್ಯಾಟ್ ಮೂರನ್ನೂ ಸಾಲುಸಾಲಾಗಿ ಹೋಲಿಸಿ.

ಆಮೇಲೆ ಗಾಡಿಯ ಮುಂದೆ ಮಂಡಿಯೂರಿ

ಟೈರಿನ ಪಕ್ಕದ ಮೈ (ಸೈಡ್‌ವಾಲ್) ಮೇಲೆ, ಚಿಕ್ಕ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಒತ್ತಿರುತ್ತಾರೆ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದ ಟೈರು. ಒಂದು ಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ಟಾರ್ಚ್ ಹಿಡಿದು ಹುಡುಕಿ. ನಾಲ್ಕೂ ಚಕ್ರ ನೋಡಿ, ಗಾಡಿಯ ತಯಾರಿಕೆಯ ತಿಂಗಳೊಂದಿಗೆ ತಾಳೆ ಹಾಕಿ. ಬಹಳ ಕಾಲ ಅಂಗಳದಲ್ಲಿ ನಿಂತ ಗಾಡಿಯಾದರೆ ಇನ್ನೂ ಎರಡು ಕೇಳಬೇಕು: ದೊಡ್ಡ ಬ್ಯಾಟರಿಯನ್ನು ಎಷ್ಟು ಚಾರ್ಜ್‌ನಲ್ಲಿ ಇಟ್ಟಿದ್ದರು, 12 ವೋಲ್ಟ್‌ನ ಚಿಕ್ಕ ಬ್ಯಾಟರಿ ಬದಲಿಸುತ್ತಾರೆಯೇ. ಈ ಚಿಕ್ಕದು ಸತ್ತರೆ ದೊಡ್ಡದು ತುಂಬಿದ್ದರೂ ಗಾಡಿ ಚಾಲೂ ಆಗುವುದಿಲ್ಲ. ಬ್ಯಾಟರಿಯ ಆರೋಗ್ಯದ ಶೇಕಡಾವಾರು ವರದಿ ಕೊಡಿ ಎಂದೂ ಕೇಳಿ. ಸರ್ವಿಸ್ ವಿಭಾಗದ ಯಂತ್ರದಲ್ಲಿ ಅದು ತೋರುತ್ತದೆ.

ಚಾರ್ಜಿಂಗ್ ಜಾಗ: ಇದೇ ಮುಖ್ಯ

ನನ್ನ ಮಟ್ಟಿಗೆ ಕೊಳ್ಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಬೆಲೆಗಿಂತ ಹೆಚ್ಚಾಗಿ ಇದೇ. ಕಿಲೋವ್ಯಾಟ್ ಅವರ್ ಎಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಬ್ಯಾಟರಿ 60 ಯೂನಿಟ್‌ನದು ಎಂದುಕೊಳ್ಳಿ. ಶೇ 20ರಿಂದ 80ಕ್ಕೆ ತುಂಬಲು 36 ಯೂನಿಟ್ ಬೇಕು. ಚಾರ್ಜ್ ಆಗುವಾಗ ಸ್ವಲ್ಪ ಸೋರಿ ಹೋಗುವುದರಿಂದ ಮೀಟರಿನಲ್ಲಿ 40ರ ಹತ್ತಿರ ಓಡುತ್ತದೆ. 3.3 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಇದಕ್ಕೆ 12 ತಾಸು, 7.4 ಕಿಲೋವ್ಯಾಟ್‌ನಲ್ಲಿ ಐದೂವರೆ ತಾಸು.

12 ತಾಸು ಎಂದು ಗಾಬರಿ ಬೇಡ. ದಿನಕ್ಕೆ 50 ಕಿ.ಮೀ. ಓಡಿಸುವವರಿಗೆ, 100 ಕಿ.ಮೀ.ಗೆ 18 ಯೂನಿಟ್ ಲೆಕ್ಕದಲ್ಲಿ, ದಿನಕ್ಕೆ 9 ಯೂನಿಟ್ ಸಾಕು. ಚಿಕ್ಕ ಚಾರ್ಜರ್‌ನಲ್ಲೂ ಮೂರು ತಾಸಿನ ಕೆಲಸ. ಆದರೆ ಆ ಪ್ಲಗ್ ನಿಮ್ಮದಾಗಿರಬೇಕು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್, ವೈರಿನ ದಪ್ಪ, ಮೀಟರಿನ ಮಂಜೂರಾದ ಲೋಡ್ ನೋಡಿಸಿ, ಖರ್ಚಿನ ಅಂದಾಜು ಬರೆಸಿಕೊಳ್ಳಿ. ಎಕ್ಸ್‌ಟೆನ್ಷನ್ ವೈರ್ ಎಳೆದು ರಾತ್ರಿಯಿಡೀ ಚಾರ್ಜ್ ಮಾಡುವ ಯೋಚನೆಯನ್ನೇ ಬಿಡಿ; ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯ ಅದರಲ್ಲಿದೆ. ವಸತಿ ಸಮುಚ್ಚಯದಲ್ಲಿದ್ದರೆ ಸಂಘದ ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಇರಲಿ. ಸ್ವಂತ ಪ್ಲಗ್ ಇಲ್ಲದೆ ಬರೀ ಸಾರ್ವಜನಿಕ ಫಾಸ್ಟ್ ಚಾರ್ಜರ್ ನಂಬಿ ಬದುಕುವುದಾದರೆ ಪ್ರತಿ ಯೂನಿಟ್‌ಗೆ ಕೊಡುವ ಹೆಚ್ಚುವರಿ ಹಣವೇ ರಿಯಾಯಿತಿಯನ್ನು ನುಂಗುತ್ತದೆ.

ದೂರದ ಲೆಕ್ಕ ನೀವೇ ಹಾಕಿ

ಒಂದು ಚಾರ್ಜಿಗೆ ಇಷ್ಟು ಎಂದು ಕಂಪನಿ ಹೇಳುವ ಕಿ.ಮೀ. ಪ್ರಯೋಗಾಲಯದ್ದು. ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುತ್ತದೆ. 80ರಿಂದ 110ಕ್ಕೆ ವೇಗ ಹೆಚ್ಚಿಸಿದರೆ ತಡೆ ಸುಮಾರು ಇಮ್ಮಡಿ. ಎತ್ತರದ, ಅಗಲ ಮುಖದ ಎಸ್‌ಯುವಿಗೆ ಇದು ಇನ್ನೂ ಜೋರಾಗಿ ತಟ್ಟುತ್ತದೆ. ಹೆದ್ದಾರಿಯಲ್ಲಿ 100 ಕಿ.ಮೀ.ಗೆ 24 ಯೂನಿಟ್ ಖರ್ಚಾಯಿತು ಎನ್ನಿ. ದಾರಿಯಲ್ಲಿ ನೀವು ಬಳಸುವುದು ಸಾಮಾನ್ಯವಾಗಿ ಶೇ 80ರಿಂದ 10ರವರೆಗೆ, ಅಂದರೆ ಅದೇ 60 ಯೂನಿಟ್ ಬ್ಯಾಟರಿಯಲ್ಲಿ 42 ಯೂನಿಟ್. ಒಂದು ನಿಲುಗಡೆಯಿಂದ ಇನ್ನೊಂದಕ್ಕೆ 175 ಕಿ.ಮೀ. ನೀವು ಹೆಚ್ಚಾಗಿ ಹೋಗುವ ಊರಿಗೆ ಈ ಲೆಕ್ಕ ಹೊಂದುತ್ತದೆಯೇ, ನೋಡಿ. ಟೆಸ್ಟ್ ಡ್ರೈವ್‌ನಲ್ಲಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಎಸಿ ಹಾಕಿ, ನಿಮ್ಮ ಎಂದಿನ ವೇಗದಲ್ಲೇ ಓಡಿಸಿ ಖರ್ಚು ಬರೆದುಕೊಳ್ಳಿ.

ವಾರಂಟಿಯ ಸಣ್ಣ ಅಕ್ಷರ

ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ, ಸಾಮರ್ಥ್ಯ ಕುಗ್ಗಿದ್ದಕ್ಕೆ ಅದು ಅನ್ವಯವಾಗುವುದು ಸಾಮಾನ್ಯವಾಗಿ ಶೇ 70ಕ್ಕಿಂತ ಕೆಳಗಿಳಿದರೆ ಮಾತ್ರ. ನೀವು ಮಾರಿದರೆ ಮುಂದಿನವರಿಗೂ ವಾರಂಟಿ ದಾಟುತ್ತದೆಯೇ? ಮರುಮಾರಾಟದ ಬೆಲೆ ನಿಂತಿರುವುದು ಇದರ ಮೇಲೆ. ಗಾಡಿಯ ತಳಕ್ಕೆ ಕಲ್ಲು ಬಡಿದು ಪ್ಯಾಕ್ ಹಾಳಾದರೆ ಅದು ವಾರಂಟಿಗೆ ಬರುವುದಿಲ್ಲ. ವಿಮೆ ಅದನ್ನು ಪೂರ್ತಿ ಭರಿಸುತ್ತದೆಯೇ ಎಂದು ಪಾಲಿಸಿಯಲ್ಲೇ ಓದಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿಯಾದರೆ ಆಗಾಗ ಶೇ 100 ತುಂಬಿಸಲು ಹೇಳುತ್ತಾರೆ. ಎನ್‌ಎಂಸಿ (ನಿಕಲ್ ಮ್ಯಾಂಗನೀಸ್ ಕೋಬಾಲ್ಟ್) ಬಗೆಯದಾದರೆ ದಿನನಿತ್ಯಕ್ಕೆ ಶೇ 80 ಸಾಕು. ಬ್ರೇಕ್ ಪ್ಯಾಡ್ ಹೆಚ್ಚು ಬಾಳುತ್ತದೆ, ಭಾರದಿಂದಾಗಿ ಟೈರು ಬೇಗ ಸವೆಯುತ್ತದೆ.

ಸಾಲ ಮಾಡುವುದಾದರೆ ಏಳು ವರ್ಷದ ಕಂತು ಬೇಡ ಎನ್ನುತ್ತೇನೆ. ನಾಳೆ ಮತ್ತೊಮ್ಮೆ ಬೆಲೆ ಇಳಿದರೆ ಬಾಕಿ ಸಾಲಕ್ಕಿಂತ ಗಾಡಿಯ ಬೆಲೆಯೇ ಕಡಿಮೆಯಾಗಿ, ಮಾರಲೂ ಆಗದ ಇಕ್ಕಟ್ಟು ಬರುತ್ತದೆ. ಡೆಲಿವರಿಗೆ ಮುನ್ನ ಬೆಲೆ ಇನ್ನೂ ಇಳಿದರೆ ನಿಮಗೂ ಆ ಬೆಲೆಯೇ ಅನ್ವಯ ಎಂದು ಬುಕಿಂಗ್ ರಸೀದಿಯ ಮೇಲೇ ಬರೆಸಿ, ಸೀಲು ಹಾಕಿಸಿಕೊಳ್ಳಿ.