ಡ್ರೂಪಲ್ 7: ಮೊದಲು ಎಣಿಸಿ, ಆಮೇಲೆ ನಿರ್ಧರಿಸಿ
ಜಾಲತಾಣ ಕಟ್ಟುವ ತಂತ್ರಾಂಶವಾದ ಡ್ರೂಪಲ್‌ನ 7ನೇ ಆವೃತ್ತಿಯಲ್ಲಿರುವ ಜಾಲತಾಣವನ್ನು ಅಪ್‌ಗ್ರೇಡ್ ಮಾಡುವುದೋ, ವರ್ಡ್‌ಪ್ರೆಸ್‌ಗೆ ಹೋಗುವುದೋ ಎಂಬ ಗೊಂದಲವಿದ್ದರೆ ‘ಸ್ಟ್ರಕ್ಚರ್’ ಮೆನುವಿನಲ್ಲಿ ‘ಕಂಟೆಂಟ್ ಟೈಪ್ಸ್’ (ವಿಷಯದ ಬಗೆಗಳು) ತೆರೆದು ಎಣಿಸಿ. ಬರೀ ಲೇಖನ, ಪುಟ ಎಂಬ ಎರಡೇ ಇದ್ದರೆ ಧೈರ್ಯವಾಗಿ ವರ್ಡ್‌ಪ್ರೆಸ್‌ಗೆ ಬದಲಿಸಿ. ಒಂದಕ್ಕೊಂದು ಹೆಣೆದುಕೊಂಡ ಹತ್ತಾರು ಬಗೆಗಳು, ಮೇಲೆ ಕನ್ನಡ, ಇಂಗ್ಲಿಷ್ ಎರಡೂ ಇದ್ದರೆ ಡ್ರೂಪಲ್ ಬಿಡಬೇಡಿ. ಆವೃತ್ತಿ 8ರಿಂದ ಅದರ ಒಳಕಟ್ಟೇ ಬದಲಾಗಿರುವುದರಿಂದ 7ರಿಂದ ಮುಂದಕ್ಕೆ ಹೋಗುವುದು ಹೆಸರಿಗಷ್ಟೇ ಅಪ್‌ಗ್ರೇಡ್. ನಿಜದಲ್ಲಿ ಅದು ಮನೆ ಖಾಲಿ ಮಾಡಿ ಸಾಮಾನು ಸಾಗಿಸುವ ಕೆಲಸ. ಎಲ್ಲಿಗೆ ಸಾಗಿಸಬೇಕೆಂಬುದು ಸಾಮಾನನ್ನು ನೋಡಿದರೆ ತಿಳಿಯುತ್ತದೆ. ನಿಮಗೆಂದೇ ಬರೆಸಿಕೊಂಡ, ಹೆಚ್ಚುವರಿ ಸೌಲಭ್ಯ ಕೊಡುವ ಮಾಡ್ಯೂಲ್‌ಗಳಿದ್ದರೆ ಮಾತ್ರ ಈ ಎಣಿಕೆ ಕೈಕೊಡುತ್ತದೆ; ಎರಡೂ ಕಡೆ ಅವನ್ನು ಹೊಸದಾಗಿಯೇ ಬರೆಸಬೇಕು. ಆಗ ಡ್ರೂಪಲ್ 7ರಿಂದಲೇ ಕವಲೊಡೆದ ಬ್ಯಾಕ್‌ಡ್ರಾಪ್ ಅನ್ನು ಪರಿಶೀಲಿಸಿ, ತಿದ್ದುಪಡಿ ಕಡಿಮೆ. ತಡಮಾಡಬೇಡಿ, 7ರ ಅಧಿಕೃತ ಬೆಂಬಲ 2025ರ ಜನವರಿ 5ಕ್ಕೇ ಮುಗಿದಿದೆ.