ಬಾಡಿಗೆ ಮನೆಯಲ್ಲಿ 100 ವಾಟ್ ಟ್ಯೂಬ್ ಆಂಪ್: ನನಗೆ ಹೆವಿ ಟೋನ್ ಸಿಕ್ಕಿದ್ದು ಹೀಗೆ

ಮಾರ್ಷಲ್ ಜೆಸಿಎಂ800 ಗಿಟಾರ್ ಆಂಪ್ ಮನೆಯಲ್ಲಿಟ್ಟುಕೊಂಡು ಮೆಟಲ್ ನುಡಿಸೋಕೆ ಆಗಲ್ಲ ಅಂತ ನನಗೆ ಹೇಳದ ಗಿಟಾರಿಸ್ಟ್ ಬೆಂಗಳೂರಿನಲ್ಲಿ ಯಾರೂ ಉಳಿದಿಲ್ಲ. ಅದೂ ನನ್ನದು 2203, ನಾಲ್ಕು ಇಎಲ್34 ಪವರ್ ಟ್ಯೂಬ್ ಇರುವ 100 ವಾಟ್‌ನ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ). ನಮ್ಮ ಡ್ರಮ್ಮರ್ ಅಂತೂ ಪ್ರತಿ ಜ್ಯಾಮ್ ಮುಗಿದ ಮೇಲೆ ಟೀ ಕುಡಿಯುತ್ತಾ ಒಂದೇ ರಾಗ: "ಮಗಾ, ಅದನ್ನ ಮಾರಾಕು. ಒಂದು ಮಾಡೆಲರ್ ತಗೋ, ಆಂಪ್ ಸದ್ದನ್ನೇ ನಕಲು ಮಾಡೋ ಡಿಜಿಟಲ್ ಡಬ್ಬ, ಹೆಡ್‌ಫೋನ್ ಹಾಕ್ಕೊಂಡು ಆರಾಮಾಗಿರು." ಈಗ ಅವನೇ ನನ್ನ ನಾಬ್‌ಗಳ ಫೋಟೊ ತೆಗೆದು ಬೇರೆ ಬ್ಯಾಂಡಿನವರಿಗೆ ಕಳಿಸುತ್ತಾನೆ. ಅವರೆಲ್ಲ ಫೋನ್ ಮಾಡಿ ಕೇಳುವುದಕ್ಕಿಂತ ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಟ್ಯೂಬ್ ಅಂದರೇನು, ಗೇನ್ ಅಂದರೇನು ಅಂತ ಶುರು ಮಾಡುವುದಿಲ್ಲ. ಒಂದು ಮಾತು ಮಾತ್ರ. ಹೆಡ್ ಒಳಗೆ 450 ವೋಲ್ಟ್‌ಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಡಿಸ್ಚಾರ್ಜ್ ಮಾಡಿ, ಮೀಟರ್ ಇಟ್ಟು ನೋಡುವ ಅಭ್ಯಾಸ ಇಲ್ಲದವರು ಷಾಸಿ (ಒಳಗಿನ ಲೋಹದ ಚೌಕಟ್ಟು) ಹೊರಗೆ ತೆಗೆಯಬೇಡಿ.

ಮೊದಲು ದುಡ್ಡಿನ ಲೆಕ್ಕ. ಹೆಡ್ ಸೆಕೆಂಡ್ ಹ್ಯಾಂಡ್, ರೀಇಶ್ಯೂ (ಹಳೆಯ ಮಾಡೆಲ್ ಅನ್ನೇ ಕಂಪನಿ ಮತ್ತೆ ತಯಾರಿಸಿದ್ದು), ಲಕ್ಷದ ಮೇಲೆ ಹತ್ತಿಪ್ಪತ್ತು ಸಾವಿರ ಆಯಿತು. ಕ್ಯಾಬ್, ಅಂದರೆ ಸ್ಪೀಕರ್ ಪೆಟ್ಟಿಗೆ, 4x12 (ಹನ್ನೆರಡು ಇಂಚಿನ ನಾಲ್ಕು ಸ್ಪೀಕರ್), ಸೆಲೆಷನ್ ವಿಂಟೇಜ್ 30 ಸ್ಪೀಕರ್‌ಗಳದು. ಬ್ಯಾಂಡ್ ಒಡೆದು ಎಲ್ಲರೂ ಐಟಿಗೆ ಹೋದವರ ಹತ್ತಿರ ಮೂವತ್ತು ಚಿಲ್ಲರೆ ಸಾವಿರಕ್ಕೆ ಸಿಕ್ಕಿತು. ಇದನ್ನೆಲ್ಲ ಹನುಮಂತನಗರದ ಬಾಡಿಗೆ ಮನೆಯ ಮೊದಲ ಮಹಡಿಗೆ ಹತ್ತಿಸಿದೆವು. ಕೆಳಗೆ ಓನರ್ ಆಂಟಿ.

ಮೊದಲ ವಾರವೇ ಆಂಟಿ ಮೇಲೆ ಬಂದರು. "ಏನಪ್ಪಾ ಅದು, ನೀನು ಆ ಮಿಷನ್ ಹಾಕಿದ ತಕ್ಷಣ ನಮ್ಮ ಶೋಕೇಸ್ ಗಾಜು ಗಡಗಡ ಅನ್ನುತ್ತೆ. ಹಾಡಿನ ಸದ್ದು ಪರವಾಗಿಲ್ಲ, ಗಾಜು ಒಡೆದೀತು ನೋಡು." ಈ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ವಾಲ್ಯೂಮ್ ಇಳಿಸಲು ಎಲ್ಲರೂ ಮಾಡುವುದನ್ನೇ ಮೊದಲು ಮಾಡಿದೆ. ಎರಡು ಪವರ್ ಟ್ಯೂಬ್ ಕಿತ್ತು 50 ವಾಟ್ ಮಾಡಿದೆ. ಆ ಕಡೆ ಒಂದು, ಈ ಕಡೆ ಒಂದು ತೆಗೆದು, 16 ಓಮ್ ಕ್ಯಾಬ್‌ಗೆ ಆಂಪ್‌ನ ಓಮ್ ಸೆಲೆಕ್ಟರ್ ಅನ್ನು 8ಕ್ಕೆ ಇಟ್ಟೆ. ಏನೂ ಉಪಯೋಗವಿಲ್ಲ. ವಾಟ್ ಅರ್ಧ ಆದರೆ ಇಳಿಯುವುದು 3 ಡೆಸಿಬಲ್ ಅಷ್ಟೆ. ಕಿವಿಗೆ ಸದ್ದು ಅರ್ಧ ಆಯಿತು ಅನ್ನಿಸಬೇಕಾದರೆ 10 ಡೆಸಿಬಲ್ ಇಳಿಯಬೇಕು, ಅಂದರೆ 100 ವಾಟ್ 10 ವಾಟ್ ಆಗಬೇಕು. ಶೋಕೇಸ್‌ಗಂತೂ ವ್ಯತ್ಯಾಸವೇ ತಿಳಿಯಲಿಲ್ಲ. ಟ್ಯೂಬ್‌ಗಳನ್ನು ವಾಪಸ್ ಹಾಕಿದೆ.

ಆಮೇಲೆ ಅಟೆನ್ಯುಯೇಟರ್, ಅಂದರೆ ಆಂಪ್ ಮತ್ತು ಸ್ಪೀಕರ್ ನಡುವೆ ಕೂತು ಪವರ್ ನುಂಗುವ ಡಬ್ಬ. ಒಳ್ಳೆಯ ರಿಯಾಕ್ಟಿವ್ ಲೋಡ್ ಬಾಕ್ಸ್ (ಸ್ಪೀಕರ್‌ನಂತೆಯೇ ವರ್ತಿಸುವ ಡಬ್ಬ) ತರಿಸಬೇಕಾದರೆ ಕಸ್ಟಮ್ಸ್ ಸೇರಿ ಇನ್ನೊಂದು ಗಿಟಾರ್‌ನ ಬೆಲೆ ಆಗುತ್ತದೆ. ಅದಕ್ಕೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್‌ಪಿ ರೋಡ್‌ಗೆ ಹೋಗಿ ಚಿನ್ನದ ಬಣ್ಣದ ಅಲ್ಯೂಮಿನಿಯಂ ಮೈಯ ವೈರ್‌ವೌಂಡ್ ರೆಸಿಸ್ಟರ್‌ಗಳನ್ನು ಆರಿಸಿ ತಂದೆ. ದೊಡ್ಡ ಹೀಟ್‌ಸಿಂಕ್, ಕಂಪ್ಯೂಟರ್ ಫ್ಯಾನ್, ಜ್ಯಾಕ್, ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಸದ್ದು ಇಳಿಯಿತು, ಸುಳ್ಳು ಹೇಳಲ್ಲ. ಆದರೆ ಹತ್ತು ನಿಮಿಷ ನುಡಿಸಿದರೆ ಹೀಟ್‌ಸಿಂಕ್ ದೋಸೆ ಹಂಚಿನ ಹಾಗೆ ಕಾಯುತ್ತಿತ್ತು, ಟೋನ್ ಸಪ್ಪೆ. ಸ್ಪೀಕರ್‌ನ ಇಂಪೀಡೆನ್ಸ್ (ಕರೆಂಟ್‌ಗೆ ಅದು ಒಡ್ಡುವ ತಡೆ) ಒಂದೇ ಸಮ ಇರುವುದಿಲ್ಲ, ಬಾಸ್ ರೆಸೊನೆನ್ಸ್ ಹತ್ತಿರ ಮತ್ತು ಮೇಲಿನ ಟ್ರೆಬಲ್‌ನಲ್ಲಿ ಏರುತ್ತದೆ. ಆಂಪ್‌ಗೆ ಆ ಏರಿಳಿತ ಬೇಕು. ಒಣ ರೆಸಿಸ್ಟರ್ ಅದನ್ನು ಕೊಡುವುದಿಲ್ಲ. ಆ ಡಬ್ಬ ಈಗ ಆಂಪ್ ರಿಪೇರಿ ಮಾಡುವಾಗ ಸ್ಪೀಕರ್ ಬದಲಿನ ಡಮ್ಮಿ ಲೋಡ್ ಆಗಿ ಕೆಲಸಕ್ಕೆ ಬರುತ್ತದೆ.

ಕೊನೆಗೆ ಕೆಲಸ ಮಾಡಿದ್ದು ಮುನ್ನೂರು ರೂಪಾಯಿಯ ಡಬ್ಬ. ಹಳೆಯ 2203ಗೆ ಎಫೆಕ್ಟ್ಸ್ ಲೂಪ್ (ಪ್ರಿಯಾಂಪ್ ಮತ್ತು ಪವರ್ ಆಂಪ್ ನಡುವೆ ಪೆಡಲ್ ಸೇರಿಸುವ ಜ್ಯಾಕ್‌ಗಳು) ಇರಲಿಲ್ಲ, ರೀಇಶ್ಯೂಗೆ ಇದೆ. ಆ ಲೂಪ್‌ನಲ್ಲಿ ಒಂದು ಮೆಟಲ್ ಡಬ್ಬ, ಎರಡು ಜ್ಯಾಕ್, ಒಂದು 25ಕೆ ಪಾಟ್ (ತಿರುಗಿಸುವ ರೆಸಿಸ್ಟರ್). ಲಾಗ್ ಪಾಟ್ ಇರಲಿ. ಅಂಗಡಿಯವನು "ಎಲ್ಲಾ ಒಂದೇ ಸಾರ್" ಅಂತ ಲೀನಿಯರ್ ಕೊಡಲು ನೋಡುತ್ತಾನೆ. ಲೀನಿಯರ್ ಹಾಕಿದರೆ ಇಡೀ ವಾಲ್ಯೂಮ್ ಮೊದಲ ಕಾಲು ಸುತ್ತಿನಲ್ಲೇ ಮುಗಿದುಹೋಗುತ್ತದೆ, ಮತ್ತೆ ಅದೇ ಕಥೆ. ಮಾಸ್ಟರ್ ವಾಲ್ಯೂಮ್ ಅನ್ನು 3ರ ಆಸುಪಾಸಿನಲ್ಲಿಟ್ಟು, ಮಿಕ್ಕಿದ್ದನ್ನು ಈ ಡಬ್ಬದಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸಬಹುದು. ಫೋನ್ ಆಪ್‌ನಲ್ಲಿ ಹಗಲು ಹೊತ್ತು 75, 80 ಡೆಸಿಬಲ್ ಒಳಗೆ ಬರುತ್ತದೆ.

"ಆದರೆ ಪವರ್ ಟ್ಯೂಬ್ ಡಿಸ್ಟಾರ್ಟ್ ಆಗದೆ 800 ಹೇಗೆ ಹೆವಿ ಆಗುತ್ತೆ?" ಎಲ್ಲರ ಜಗಳವೂ ಇಲ್ಲೇ. ಎಪ್ಪತ್ತರ ದಶಕದ ರಾಕ್ ನುಡಿಸುವವರಿಗೆ ಆ ಮಾತು ಸರಿ. ಡ್ರಾಪ್ ಸಿ ಟ್ಯೂನಿಂಗ್‌ನಲ್ಲಿ (ಕೆಳಗಿನ ತಂತಿಯನ್ನು ಸಿ ಸ್ವರಕ್ಕೆ ಇಳಿಸಿ) ಪಾಮ್ ಮ್ಯೂಟ್ ಮಾಡುವವನಿಗೆ, ಅಂದರೆ ಅಂಗೈ ಅಂಚಿನಿಂದ ತಂತಿ ಅದುಮಿ ಬಾರಿಸುವವನಿಗೆ, ಪವರ್ ಟ್ಯೂಬ್ ಡಿಸ್ಟಾರ್ಟ್ ಆದರೆ ರಿಫ್ ಕೆಸರಾಗುತ್ತದೆ. ನನಗೆ ಅದು ಬೇಡವೇ ಬೇಡ.

ಈಗ ಆಂಟಿಯ ಗಾಜಿಗೆ ಬರೋಣ. ಗಾಜು ನಡುಗುತ್ತಿದ್ದದ್ದು ಸೋಲೋ ನುಡಿಸುವಾಗ ಅಲ್ಲ, ಕೆಳಗಿನ ತಂತಿಯನ್ನು ಮ್ಯೂಟ್ ಮಾಡಿ ಬಾರಿಸುವಾಗ. ಡ್ರಾಪ್ ಸಿಯಲ್ಲಿ ಆ ತಂತಿ 65 ಹರ್ಟ್ಜ್. ಮೊದಲು ನಾನು ಬಾಸ್ ನಾಬ್ ಇಳಿಸಿದೆ. ಸದ್ದು ತೆಳ್ಳಗಾಯಿತು, ಬಿಗಿ ಆಗಲಿಲ್ಲ. ಯಾಕೆ? 2203ರಲ್ಲಿ ಟೋನ್ ನಾಬ್‌ಗಳು ಬರುವುದು ಸಿಗ್ನಲ್ ಹಿಗ್ಗಿಸುವ ಗೇನ್ ಸ್ಟೇಜ್‌ಗಳೆಲ್ಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಆ 65 ಹರ್ಟ್ಜ್ ಒಳಗೆ ಹೋಗಿ, ಡಿಸ್ಟಾರ್ಟ್ ಆಗಿ, ಮೇಲಿನದನ್ನೆಲ್ಲ ಕಲಕಿಬಿಟ್ಟಿರುತ್ತದೆ. ಹಾಳಾದ ಬಾಸ್ ಅನ್ನು ಆಮೇಲೆ ಕತ್ತರಿಸಿ ಏನು ಬಂತು? ಡಿಸ್ಟಾರ್ಟ್ ಆಗುವ ಮೊದಲೇ ಬಾಸ್ ಕತ್ತರಿಸಬೇಕು, ಆದ ಮೇಲೆ ವಾಪಸ್ ಕೊಡಬೇಕು. ನನ್ನ ಇಡೀ ವಿಧಾನ ಇಷ್ಟೆ. ಗೇನ್ ಏರಿಸಿ ಹೆವಿ ಟೋನ್ ಹುಡುಕುವವರು ಹುಡುಕುತ್ತಲೇ ಇರುತ್ತಾರೆ.

ಮೊದಲು ಕತ್ತರಿಸುವುದಕ್ಕೆ ಟ್ಯೂಬ್ ಸ್ಕ್ರೀಮರ್ ಓವರ್‌ಡ್ರೈವ್ ಪೆಡಲ್. ಡ್ರೈವ್ ಸೊನ್ನೆ, ಲೆವೆಲ್ ಫುಲ್, ಟೋನ್ ಮಧ್ಯಕ್ಕಿಂತ ಸ್ವಲ್ಪ ಕೆಳಗೆ. ಇದು ಎಲ್ಲರಿಗೂ ಗೊತ್ತು. ಅದು ಯಾಕೆ ಕೆಲಸ ಮಾಡುತ್ತದೆ ಅಂತ ಮಾತ್ರ ಯಾರೂ ನೋಡುವುದಿಲ್ಲ. ಆ ಪೆಡಲ್ ಪೂರ್ತಿ ಗೇನ್ ಕೊಡುವುದು ಸುಮಾರು 720 ಹರ್ಟ್ಜ್‌ನಿಂದ ಮೇಲಕ್ಕೆ. ಕೆಳಕ್ಕೆ ಹೋದಷ್ಟೂ ಗೇನ್ ಇಳಿಯುತ್ತದೆ. ಅದನ್ನು ನಿರ್ಧರಿಸುವುದು ಒಂದು 4.7ಕೆ ರೆಸಿಸ್ಟರ್, ಒಂದು 0.047 ಮೈಕ್ರೊಫ್ಯಾರಡ್ ಕೆಪಾಸಿಟರ್. ನಾನೇ ಪರ್ಫ್‌ಬೋರ್ಡ್ ಮೇಲೆ ಒಂದು ಕಟ್ಟಿಕೊಂಡೆ, ಅದಕ್ಕೆ ಬೇಕಾದ 4558 ಐಸಿ ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುತ್ತದೆ. 0.047ರ ಜಾಗದಲ್ಲಿ 0.033 ಹಾಕಿದರೆ ಆ ಗೆರೆ 1000 ಹರ್ಟ್ಜ್ ಹತ್ತಿರಕ್ಕೆ ಹೋಗುತ್ತದೆ. ಡ್ರಾಪ್ ಸಿ ರಿಫ್‌ಗೆ ಅದ್ಭುತ, ಸೋಲೋಗೆ ತೆಳು. ಅದಕ್ಕೆ ಒಂದು ಸ್ವಿಚ್ ಇಟ್ಟಿದ್ದೇನೆ. ಇನ್‌ಪುಟ್ ಕೆಪಾಸಿಟರ್ ಕೂಡ ಬದಲಾಯಿಸಿದ್ದೇನೆ, ಎಷ್ಟಕ್ಕೆ ಅಂತ ಮಾತ್ರ ಹೇಳಲ್ಲ. ನನ್ನ ಪೆಡಲ್ ಕೇಳಿದವರು ಮೊದಲು ಕೇಳುವುದೇ ಅದನ್ನು!

ಪೆಡಲ್ ಹಾಕಿದ ದಿನವೇ ಗಾಜು ಸುಮ್ಮನಾಯಿತು. ಕ್ಯಾಬ್ ಕೆಳಗೆ ಎರಡು ದಪ್ಪ ಫೋಮ್ ತುಂಡು ಹಾಕಿದ ಮೇಲೆ ಆಂಟಿ ಮೇಲೆ ಬರುವುದೂ ನಿಂತಿತು.

ಇನ್ನೊಂದು ತೊಂದರೆ ಬ್ರೈಟ್ ಕ್ಯಾಪ್. 2203ರ ಪ್ರಿಯಾಂಪ್ ವಾಲ್ಯೂಮ್ (ನಾನು ಗೇನ್ ಅನ್ನುವುದು ಇದನ್ನೇ) ಪಾಟ್ ಮೇಲೆ 1000 ಪಿಕೊಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ನಾಬ್ 10ರಲ್ಲಿದ್ದರೆ ಅದರಿಂದ ಏನೂ ಆಗುವುದಿಲ್ಲ. ನಾನು ಇಡುವ 4ರಲ್ಲಿ ಟ್ರೆಬಲ್ ಎಲ್ಲ ಅದರ ಮೂಲಕ ಅಡ್ಡದಾರಿಯಲ್ಲಿ ನುಗ್ಗಿ ಕಿವಿಗೆ ಚುಚ್ಚುತ್ತದೆ. ಗೇನ್ ಕಡಿಮೆ ಮಾಡಿದರೆ 800 ಕಿರುಚುತ್ತದೆ ಅಂತ ಜನ ಬೈಯುವುದು ಇದಕ್ಕೇ. ಅದನ್ನು ಬಿಚ್ಚಿ 120 ಪಿಕೊಫ್ಯಾರಡ್ ಹಾಕಿದೆ. ಎರಡು ರೂಪಾಯಿ. ಪೂರ್ತಿ ತೆಗೆದೂ ನೋಡಿದೆ, ಮೇಲೆ ಕಂಬಳಿ ಹೊದಿಸಿದಂತೆ ಆಯಿತು, ಬೇಡ ಅನ್ನಿಸಿತು.

ಗೇನ್ 4ಕ್ಕೆ ಇಳಿದಿದ್ದರ ಇನ್ನೊಂದು ಲಾಭ, ಹಿಸ್ ಅಡಗಿಸುವ ನಾಯ್ಸ್ ಗೇಟ್ ಪೆಡಲ್ ಬೇಡವಾಯಿತು. ಅದನ್ನು ನಾಲ್ಕು ಸಾವಿರಕ್ಕೆ ಮಾರಿ ಆ ದುಡ್ಡನ್ನು ಟ್ಯೂಬ್‌ಗೆ ಹಾಕಿದೆ.

ಟ್ಯೂಬ್ ವಿಷಯದಲ್ಲಿ ತುಂಬಾ ಆಟ ಆಡಿದ್ದೇನೆ, ಬಹಳಷ್ಟು ದಂಡ. ಮೊದಲ ಸಾಕೆಟ್‌ನಲ್ಲಿ 12ಎಎಕ್ಸ್7 ಪ್ರಿಯಾಂಪ್ ಟ್ಯೂಬ್ ತೆಗೆದು 5751 ಹಾಕಿದರೆ ಗೇನ್ ಫ್ಯಾಕ್ಟರ್ 100ರಿಂದ 70ಕ್ಕೆ ಇಳಿಯುತ್ತದೆ. ಹಿಸ್ ಕಡಿಮೆ ಆಯಿತು, ಆದರೆ ಪಿಂಚ್ ಹಾರ್ಮೋನಿಕ್ಸ್ (ಪಿಕ್ ಜೊತೆ ಹೆಬ್ಬೆರಳು ತಾಗಿಸಿ ಹೊರಡಿಸುವ ಕೀಚು ಸ್ವರ) ಹೊರಡಲು ಸೋಮಾರಿತನ ಮಾಡಿದವು. ಪವರ್ ಟ್ಯೂಬ್‌ಗಳಿಗೆ ಸಿಗ್ನಲ್ ಹಂಚುವ ಫೇಸ್ ಇನ್ವರ್ಟರ್‌ಗೆ 12ಎಟಿ7 ಹಾಕಿದಾಗ ಬೆರಳಿಗೆ ಬಿರುಸಾಯಿತು. ವಾಪಸ್ ತೆಗೆದೆ. ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ ನೋಡಿ, ಸ್ಪೀಕರ್‌ನಲ್ಲಿ ಗಂಟೆಯಂತೆ ಕೇಳಿಸುವ ಟ್ಯೂಬನ್ನು ಮೊದಲ ಸಾಕೆಟ್‌ನಿಂದ ಹಿಂದಕ್ಕೆ ಕಳಿಸಿದ್ದೇ ಜಾಸ್ತಿ ಉಪಯೋಗವಾಯಿತು. ಅದಕ್ಕೆ ಖರ್ಚೂ ಇಲ್ಲ.

ಬಯಾಸ್ (ಸುಮ್ಮನಿರುವಾಗ ಪವರ್ ಟ್ಯೂಬ್ ಎಷ್ಟು ಕರೆಂಟ್ ಎಳೆಯಬೇಕು ಅನ್ನುವ ಸೆಟ್ಟಿಂಗ್) ಕಥೆ ಬೇರೆ. ಹೊಸ ಇಎಲ್34 ನಾಲ್ಕರ ಸೆಟ್ ಹತ್ತು ಹನ್ನೆರಡು ಸಾವಿರ ಕೊಟ್ಟು ತಂದು ಒಬ್ಬ ರಿಪೇರಿಯವರ ಹತ್ತಿರ ಹಾಕಿಸಿದೆ. ಸಾವಿರದೈನೂರು ತೆಗೆದುಕೊಂಡು "ಪರ್ಫೆಕ್ಟ್ ಬಯಾಸ್" ಅಂದರು. ಮನೆಗೆ ಬಂದು ಅಳೆದರೆ ಪ್ಲೇಟ್‌ನಲ್ಲಿ 465 ವೋಲ್ಟ್, ಒಂದೊಂದು ಟ್ಯೂಬ್ 46, 47 ಮಿಲಿಆಂಪ್ ಎಳೆಯುತ್ತಿದೆ! ಗುಣಿಸಿ ನೋಡಿ, 21 ವಾಟ್ ಮೇಲೆ. ಇಎಲ್34ರ ಮಿತಿಯೇ 25. ಸುಮ್ನೆ ಕೂತಿರುವಾಗ ಎಪ್ಪತ್ತು ಪರ್ಸೆಂಟ್, ಅಂದರೆ 17.5 ವಾಟ್ ದಾಟಬಾರದು. ನಾನೇ 34, 35 ಮಿಲಿಆಂಪ್‌ಗೆ ಇಳಿಸಿದೆ. ಟ್ಯೂಬ್ ತಣ್ಣಗೆ, ರಿಫ್ ಇನ್ನೂ ಬಿಗಿ. ಆ ಸೆಟ್ ಇವತ್ತಿಗೂ ಓಡುತ್ತಿದೆ. ಮೀಟರ್ ಹಿಡಿಯಲು ಬಂದರೆ ಈ ಕೆಲಸಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

ಕರೆಂಟ್ ಬಗ್ಗೆಯೂ ಹೇಳಬೇಕು. ನಮ್ಮ ಬೀದಿಯಲ್ಲಿ ಸಂಜೆ ಎಲ್ಲರ ಮನೆಯ ಗೀಸರ್, ಮೋಟರ್ ಆನ್ ಆದಾಗ 205 ವೋಲ್ಟ್‌ಗೆ ಇಳಿಯುತ್ತಿತ್ತು. ರಾತ್ರಿ 240 ದಾಟುತ್ತಿತ್ತು. ಬೆಳಿಗ್ಗೆ ಸಿಕ್ಕ ಟೋನ್ ಸಂಜೆ ಮಾಯ, ನಾನು ನಾಬ್‌ಗಳನ್ನು ಶಂಕಿಸುತ್ತಿದ್ದೆ. ರಿಲೇ ಸ್ಟೆಬಿಲೈಜರ್ ಹಾಕಿದರೆ ರಿಫ್ ಮಧ್ಯದಲ್ಲಿ ಟಕ್ ಅಂತ ಜಿಗಿಯುತ್ತದೆ. ಏಳೆಂಟು ಸಾವಿರದ ಸಣ್ಣ ಸರ್ವೋ ಸ್ಟೆಬಿಲೈಜರ್ ತಂದ ಮೇಲೆ ಈ ತಲೆನೋವು ಹೋಯಿತು. ಇಷ್ಟರಲ್ಲಿ ಅರ್ಥಿಂಗ್ ಕೂಡ ನೋಡಿಸಿಕೊಳ್ಳಿ. ಹಳೇ ಮನೆಗಳಲ್ಲಿ ಮೂರನೇ ಪಿನ್ ಹೆಸರಿಗೆ ಮಾತ್ರ ಇರುತ್ತದೆ.

ಈಗ ಬಾಸ್ ವಾಪಸ್ ಕೊಡುವ ಭಾಗ. ಮನೆಯಲ್ಲಿ ಬಾಸ್ 6, ಮಿಡಲ್ 5, ಟ್ರೆಬಲ್ 5, ಪ್ರೆಸೆನ್ಸ್ 4. ಇದೇ ಸೆಟ್ಟಿಂಗ್ ಜ್ಯಾಮ್ ರೂಮಿಗೆ ಒಯ್ದರೆ ಗಿಟಾರ್ ಎಲ್ಲಿದೆ ಅಂತ ಹುಡುಕಬೇಕು. ಸದ್ದು ಕಡಿಮೆ ಇದ್ದಾಗ ಕಿವಿಗೆ ಬಾಸ್, ಟ್ರೆಬಲ್ ಕಮ್ಮಿ ಕೇಳಿಸುತ್ತದೆ. ಫ್ಲೆಚರ್, ಮನ್ಸನ್ ಅನ್ನುವವರು 1933ರಲ್ಲೇ ಇದರ ಗ್ರಾಫ್ ಹಾಕಿಟ್ಟಿದ್ದಾರೆ. ನಾವು ಮಾತ್ರ ಇನ್ನೂ ಬೆಡ್‌ರೂಮಿನಲ್ಲಿ ಮಿಡ್ ತೆಗೆದು ಖುಷಿಪಟ್ಟು, ಡ್ರಮ್ಮರ್ ಶುರು ಮಾಡಿದ ಮೇಲೆ ಗೇನ್ ಏರಿಸುತ್ತೇವೆ. ಜ್ಯಾಮ್ ರೂಮಿನಲ್ಲಿ ನನ್ನದು ಬಾಸ್ 3, ಮಿಡಲ್ 7ರಿಂದ 8, ಲೂಪ್‌ನ ಡಬ್ಬ ಪೂರ್ತಿ ತೆರೆದು ಮಾಸ್ಟರ್ 4. ಬಾಸ್ ಅನ್ನು ನಾಬ್‌ನಲ್ಲಿ ಕೊಡುವುದಿಲ್ಲ, ಗೋಡೆಯಿಂದ ತೆಗೆದುಕೊಳ್ಳುತ್ತೇನೆ. ಕ್ಯಾಬ್ ಹಿಂದಕ್ಕೆ ಸರಿಸಿದಷ್ಟೂ ಕೆಳಗಿನದು ತುಂಬುತ್ತದೆ, ಮೂಲೆಗೆ ಒತ್ತಿದರೆ ಅತಿಯಾಗುತ್ತದೆ. ಗೋಡೆಯಿಂದ ಒಂದೂವರೆ ಅಡಿ ನನಗೆ ಸರಿ. ಕ್ಯಾಬ್ ಒಳಗೆ ಏನು ತುಂಬಿದ್ದೇನೆ ಅಂತ ಕೇಳಬೇಡಿ.

ನಂಬದವರಿಗಾಗಿ ಒಂದು ಪರೀಕ್ಷೆಯೂ ಮಾಡಿದೆ. ಒಂದೇ ರಿಫ್, ಒಂದೇ ಕ್ಯಾಬ್, ಎಸ್‌ಎಂ57 ಮೈಕ್ ಒಂದೇ ಜಾಗದಲ್ಲಿ. ಒಂದು ಟೇಕ್ ಗೇನ್ 9, ಪೆಡಲ್ ಇಲ್ಲ. ಇನ್ನೊಂದು ಗೇನ್ 4, ಪೆಡಲ್ ಜೊತೆ. ಡ್ರಮ್ಸ್ ಜೊತೆ ಕೂಡಿಸಿ, ಯಾವುದು ಯಾವುದು ಅಂತ ಹೇಳದೆ ಕೇಳಿಸಿದೆ. ಎಲ್ಲರೂ ಎರಡನೆಯದನ್ನೇ "ಇದರಲ್ಲಿ ಗೇನ್ ಜಾಸ್ತಿ ಇದೆ" ಅಂದರು. ಮಾಡೆಲರ್ ತಗೋ ಅಂದವನೂ ಸೇರಿ. ನಾನು ಏನೂ ಮಾತಾಡದೆ ನಾಬ್ ತೋರಿಸಿದೆ.

ಸದ್ಯ ಬಾಸಿಸ್ಟ್ ಜೊತೆ ಜಗಳ ನಡೆಯುತ್ತಿದೆ. ನಾನು 100 ಹರ್ಟ್ಜ್ ಕೆಳಗಿನ ಜಾಗ ಪೂರ್ತಿ ಅವನಿಗೆ ಬಿಟ್ಟುಕೊಟ್ಟಿದ್ದೇನೆ, ಅವನು ಇನ್ನೂ ಹೆಬ್ಬೆರಳಿನಿಂದ ತಂತಿ ಬಡಿದು ಸ್ಲ್ಯಾಪ್ ಮಾಡಿಕೊಂಡು ನನ್ನ ಮಿಡ್ ಒಳಗೆ ನುಗ್ಗುತ್ತಾನೆ. ಮುಂದಿನ ಜ್ಯಾಮ್‌ಗೆ ಕ್ಯಾಬ್‌ನಲ್ಲಿ ಎರಡು ವಿಂಟೇಜ್ 30 ತೆಗೆದು ಎರಡು ಗ್ರೀನ್‌ಬ್ಯಾಕ್ ಸ್ಪೀಕರ್ ಹಾಕಿ ನೋಡುವ ಯೋಚನೆ ಇದೆ. ಗ್ರೀನ್‌ಬ್ಯಾಕ್ ಒಂದೊಂದೂ 25 ವಾಟ್ ಮಾತ್ರ, ಮಾಸ್ಟರ್ ಏರಿಸುವಾಗ ಹುಷಾರಾಗಿರಬೇಕು. ಜೋಡಿ ಮಾರುವವರಿದ್ದರೆ ಹೇಳಿ, ಕೋನ್ ಹರಿದಿರಬಾರದು.